ಬಣ್ಣದ ಹುಲಿ, ಬೆಳಕಿನ ಹುಲಿ

ನವರಾತ್ರಿ ಮುಗಿಯುತ್ತ ಬಂದ ಹಾಗೆ ಜೆಪ್ಪುವಿನ ಗಾಳಿಯ ವಾಸನೆ ಬದಲಾಗುತ್ತದೆ. ಮಂಗಳಾದೇವಿಯ ಗುಡಿಯ ಕಡೆಯಿಂದ ಬರುವ ಹೂವು, ಕರ್ಪೂರ, ಸಂತೆಯಂಗಡಿಗಳ ಎಣ್ಣೆತಿಂಡಿ ಇವುಗಳ ಜತೆಗೆ ಇನ್ನೊಂದು ಘಾಟು ಸೇರಿಕೊಳ್ಳುತ್ತದೆ. ಅದು ಎನಾಮಲ್ ಬಣ್ಣದ್ದು. ಬಾಗಿಲು, ಕಿಟಕಿ, ಗೇಟುಗಳಿಗೆ ಬಳಿಯುವ ಅದೇ ಬಣ್ಣ. ಆದರೆ ಈಗ ಬಳಿಸಿಕೊಳ್ಳುತ್ತಿರುವುದು ಗೇಟಲ್ಲ, ಮನುಷ್ಯರು. ಯಾವುದೋ ಸಭಾಭವನದಲ್ಲೋ, ಯಾರದೋ ಮನೆಯ ಹಿಂದಿನ ಶೆಡ್ಡಿನಲ್ಲೋ ಹುಲಿಗಳು ತಯಾರಾಗುತ್ತಿವೆ. ದೇವಿಯ ರಥ ಮಾರ್ನಮಿಕಟ್ಟೆಗೆ ಬರುವ ಹೊತ್ತಿಗೆ ಅವು ಬೀದಿಯಲ್ಲಿರಬೇಕು.

ಹುಲಿವೇಷದ ಕುಣಿತವನ್ನು ನೋಡದವರು ಮಂಗಳೂರಿನಲ್ಲಿ ಯಾರೂ ಇರಲಾರರು. ಬಣ್ಣ ಹಚ್ಚುವುದನ್ನು ಕೊನೆಯವರೆಗೆ ಕೂತು ನೋಡಿದವರು ಕಡಿಮೆ. ಮೊದಲು ಊದು ಪೂಜೆ. ಲೋಬಾನದ ಹೊಗೆಯ ನಡುವೆ ತಾಸೆ, ಡೋಲುಗಳ ಬಡಿತ ಶುರುವಾಗುತ್ತದೆ. ಆಮೇಲೆ ವೇಷ ಹಾಕುವವನು ಮೈಮೇಲಿನ ಕೂದಲು ತೆಗೆಸಿಕೊಂಡು ಬಂದು, ಎರಡೂ ಕೈಗಳನ್ನು ಅಗಲಿಸಿ, ಕೋಲಿನ ಆಧಾರದಲ್ಲಿ ನಿಲ್ಲುತ್ತಾನೆ. ತಳಬಣ್ಣ ಬೀಳುತ್ತದೆ. ಅದು ಒಣಗಬೇಕು. ಆಮೇಲೆ ಹಳದಿ. ಅದೂ ಒಣಗಬೇಕು. ಕೊನೆಗೆ ಕಪ್ಪು ಪಟ್ಟೆ. ಇಷ್ಟೂ ಹೊತ್ತು ಆತ ಕೂರುವಂತಿಲ್ಲ, ಒರಗುವಂತಿಲ್ಲ, ತುರಿಕೆಯಾದರೆ ಕೆರೆದುಕೊಳ್ಳುವಂತೆಯೂ ಇಲ್ಲ. ಪಟ್ಟೆ ಪಿಲಿ, ಚಿಟ್ಟೆ ಪಿಲಿ, ಕರಿ ಪಿಲಿ ಎಂದು ವೇಷಗಳಲ್ಲಿ ಬಗೆಗಳುಂಟು. ಒಂದೊಂದಕ್ಕೂ ಬಣ್ಣದ ಕ್ರಮ ಬೇರೆ. ಎಷ್ಟೋ ವೇಷಗಳಲ್ಲಿ ಹೊಟ್ಟೆಯ ಮೇಲೆ ಅಥವಾ ಬೆನ್ನಿನ ಮೇಲೆ ಇನ್ನೊಂದು ಹುಲಿಯ ಮುಖವನ್ನೇ ಬರೆಯುತ್ತಾರೆ. ವೇಷಧಾರಿ ಉಸಿರೆಳೆದಾಗ ಆ ಮುಖ ಉಬ್ಬುತ್ತದೆ, ಉಸಿರು ಬಿಟ್ಟಾಗ ಹಲ್ಲು ಕಿರಿದಂತೆ ಕಾಣುತ್ತದೆ. ಚಲಿಸುವ ಚಿತ್ರಕ್ಕೆ ಇದಕ್ಕಿಂತ ಹಳೆಯ ಉಪಾಯ ಬೇಕೆ?

ಈಚಿನ ವರ್ಷಗಳಲ್ಲಿ ಈ ಬಣ್ಣದ ಕೋಣೆಯೊಳಗೆ ಎರಡು ಹೊಸ ಸಾಮಾನುಗಳು ಬಂದಿವೆ. ಒಂದು, ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಕಂಪ್ರೆಸರ್. ಇನ್ನೊಂದು, ಎಲ್ಲರ ಕೈಯಲ್ಲಿರುವ ಮೊಬೈಲು. ಹಳದಿಯನ್ನು ಬ್ರಶ್ಶಿನಲ್ಲಿ ಬಳಿಯಲು ಹಿಡಿಯುತ್ತಿದ್ದ ಹೊತ್ತಿನ ಸಣ್ಣ ಪಾಲಿನಲ್ಲಿ ಸ್ಪ್ರೇ ಕೆಲಸ ಮುಗಿಸುತ್ತದೆ. ಅತ್ತ ಮೂಲೆಯಲ್ಲಿ ಕೂತ ಹುಡುಗ ತಂಡದ ಹೆಸರಿನ ಪೋಸ್ಟರಿಗೆ ಕಂಪ್ಯೂಟರಿನಲ್ಲಿ ಹುಲಿಯನ್ನು ಬರೆದಿರುತ್ತಾನೆ, ಅಥವಾ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾಲ್ಕು ಮಾತು ಹೇಳಿ ಬರೆಸಿರುತ್ತಾನೆ. ಹೀಗೆ ಒಂದೇ ಕೋಣೆಯಲ್ಲಿ ಎರಡು ಹುಲಿಗಳು: ಒಂದು ಚರ್ಮದ ಮೇಲೆ, ಇನ್ನೊಂದು ಗಾಜಿನ ಮೇಲೆ. ಹಿರಿಯರಿಗೆ ಎರಡನೆಯದು ಕಲೆಯೇ ಅಲ್ಲ. ಕಿರಿಯರಿಗೆ ಎರಡೂ ಒಂದೇ, ಎರಡನೆಯದು ಬೇಗ ಆಗುತ್ತದೆ ಅಷ್ಟೆ. ಇಬ್ಬರ ಮಾತೂ ಅರ್ಧ ಸರಿ.

ಎರಡರ ಹಳದಿಯಿಂದಲೇ ಶುರು ಮಾಡಬಹುದು. ಮೈಮೇಲಿನ ಹಳದಿ ಒಂದು ವಸ್ತು. ಬಿಸಿಲಿನಲ್ಲಿರುವ ನೀಲಿ ಭಾಗವನ್ನು ಅದು ನುಂಗಿ, ಉಳಿದದ್ದನ್ನು ನಮ್ಮ ಕಣ್ಣಿಗೆ ಹಿಂತಿರುಗಿಸುತ್ತದೆ. ಮೊಬೈಲಿನ ಪರದೆಯ ಹುಲಿಯಲ್ಲಿ ಹಳದಿ ಎಂಬುದೇ ಇಲ್ಲ. ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಿ. ಪರದೆಯಲ್ಲಿ ಹಳದಿ ಚಿತ್ರವೊಂದನ್ನು ತೆರೆದು, ಬೆರಳ ತುದಿಯಿಂದ ಅದರ ಮೇಲೆ ಸಾಸಿವೆಯಷ್ಟು ಸಣ್ಣ ನೀರಿನ ಹನಿಯನ್ನು ಇಡಿ. ಹನಿ ಮಸೂರದ ಹಾಗೆ ಕೆಲಸ ಮಾಡುತ್ತದೆ. ಅದರೊಳಗೆ ಇಣುಕಿದರೆ ಕಾಣುವುದು ಕೆಂಪು ಚುಕ್ಕೆ, ಹಸಿರು ಚುಕ್ಕೆ. ಹಳದಿ ಹುಟ್ಟುವುದು ನಮ್ಮ ಕಣ್ಣಿನ ಹಿಂದೆ. ಕೆಂಪು, ಹಸಿರು, ನೀಲಿ ಈ ಮೂರು ಬೆಳಕುಗಳಲ್ಲಿ ಒಂದೊಂದಕ್ಕೂ 256 ಮೆಟ್ಟಿಲುಗಳನ್ನಿಟ್ಟರೆ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಅಂಗಡಿಯ ಬಣ್ಣದ ಡಬ್ಬಿಗಳು ಈ ಲೆಕ್ಕದ ಹತ್ತಿರಕ್ಕೂ ಬರಲಾರವು.

ಆದರೆ ಅದೇ ಹುಲಿಯನ್ನು ಮುದ್ರಿಸಲು ಕೊಟ್ಟು ನೋಡಿ. ಪರದೆಯಲ್ಲಿ ಉರಿಯುತ್ತಿದ್ದ ಪ್ರಾಣಿ ಬಟ್ಟೆಯ ಮೇಲೋ ಫ್ಲೆಕ್ಸಿನ ಮೇಲೋ ಬಂದಾಗ ಜ್ವರದಿಂದ ಎದ್ದಂತಿರುತ್ತದೆ. ಮುದ್ರಣದ ಶಾಯಿ ಮತ್ತೆ ವಸ್ತುವೇ. ಅದು ಬೆಳಕನ್ನು ಕೊಡಲಾರದು, ಕಳೆಯಬಲ್ಲದು. ಪರದೆ ತೋರಿಸುವ ಎಷ್ಟೋ ಬಣ್ಣಗಳು ಶಾಯಿಗೆ ನಿಲುಕುವುದಿಲ್ಲ. ಮುದ್ರಣದಂಗಡಿಗಳಲ್ಲಿ ಗಿರಾಕಿಗೂ ಅಂಗಡಿಯವನಿಗೂ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಭೌತಶಾಸ್ತ್ರದ್ದೇ. (ಕರ್ನಾಟಕದಲ್ಲಿ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸಿನ ಹೆಸರು ಸೇರಿದ್ದು 2016ರಲ್ಲಿ. ಹಬ್ಬದ ದಿನ ರಸ್ತೆಯ ಮೇಲೆ ಕಣ್ಣಾಡಿಸಿದವರಿಗೆ ಆ ಆಜ್ಞೆಯ ಪಾಡು ಗೊತ್ತು.)

ಹಾಗಾದರೆ ಹಿರಿಯರ ಆಕ್ಷೇಪ ಏನು? ಯಂತ್ರ ಬಂದರೆ ಕಲೆ ಕೆಡುತ್ತದೆ ಎಂದೇ ಆದರೆ, ಆ ಮಾತನ್ನು ಜೆಪ್ಪುವಿನಲ್ಲಿ ನಿಂತು ಹೇಳುವುದು ಕಷ್ಟ. ಇಲ್ಲಿಂದ ನೇತ್ರಾವತಿಯ ದಡಕ್ಕೆ ಎಷ್ಟು ದೂರ? ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಜೆಪ್ಪುವಿನಲ್ಲಿ, ಇದೇ ಹೊಳೆಯ ಜೇಡಿಮಣ್ಣಿನಿಂದ. ಅದಕ್ಕೆ ಮೊದಲು ಊರಿನ ಮನೆಗಳಿಗೆ ಹುಲ್ಲಿನ ಮಾಡು, ಇಲ್ಲವೆ ಕುಂಬಾರ ಕೈಯಲ್ಲಿ ತಟ್ಟಿದ ಓಡು. ಒಂದು ಓಡಿನ ಹಾಗೆ ಇನ್ನೊಂದಿರುತ್ತಿರಲಿಲ್ಲ. ಯಂತ್ರದ ಅಚ್ಚಿನಲ್ಲಿ ಒತ್ತಿದ ಹೆಂಚು ಬಂತು. ಸಾವಿರಕ್ಕೆ ಸಾವಿರವೂ ಒಂದೇ ಅಳತೆ, ಒಂದರ ತುಟಿಗೆ ಇನ್ನೊಂದರ ತೋಡು ಸರಿಯಾಗಿ ಕೂರುತ್ತದೆ, ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಬೇರೆ. ಆ ಕಾಲದ ಕುಂಬಾರನನ್ನು ಯಾರಾದರೂ ಕೇಳಿದ್ದರೆ ಯಂತ್ರ ಕಲೆಯನ್ನು ನುಂಗಿತು ಎಂದೇ ಹೇಳುತ್ತಿದ್ದ. ಅವನ ಹೊಟ್ಟೆಪಾಡಿನ ಮಟ್ಟಿಗೆ ಅದು ಸುಳ್ಳೂ ಆಗಿರಲಿಕ್ಕಿಲ್ಲ. ಇಂದು ಕಾಂಕ್ರೀಟಿನ ಮನೆಗಳ ನಡುವೆ ಹಳೆಯ ಹೆಂಚಿನ ಮನೆಯೊಂದನ್ನು ಕಂಡರೆ ಜನ ‘ಎಂಥಾ ಸಾಂಪ್ರದಾಯಿಕ ಮನೆ’ ಎಂದು ಫೋಟೋ ತೆಗೆಯುತ್ತಾರೆ. ಅಚ್ಚಿನ ಯಂತ್ರ ಸಂಪ್ರದಾಯವಾಗಲು ನೂರೈವತ್ತು ವರ್ಷ ಸಾಕಾಯಿತು. ಅಷ್ಟೇ ಏಕೆ, ಹುಲಿಯ ಮೈಮೇಲಿನ ಎನಾಮಲ್ ಕೂಡ ಕಾರ್ಖಾನೆಯದೇ. ಅದನ್ನು ಬ್ರಶ್ಶಿನಲ್ಲಿ ಹಚ್ಚಿದರೆ ಪರಂಪರೆ, ಸ್ಪ್ರೇಯಲ್ಲಿ ಹಚ್ಚಿದರೆ ಅಪಚಾರ ಎಂಬ ವಾದ ಹೆಚ್ಚು ದೂರ ಹೋಗದು.

ಈ ಎನಾಮಲ್ಲಿನ ಬಗ್ಗೆ ಒಂದೆರಡು ಮಾತು ಇಲ್ಲೇ ಹೇಳಬೇಕು. ಮೈಗೆಲ್ಲ ಬಣ್ಣ ಬಳಿದರೆ ಚರ್ಮ ಉಸಿರುಗಟ್ಟಿ ಮನುಷ್ಯ ಸಾಯುತ್ತಾನೆ ಎಂಬ ಮಾತೊಂದಿದೆ. ಅದನ್ನು ಜಗತ್ತಿಗೆಲ್ಲ ಹಂಚಿದ್ದು 1964ರ ಜೇಮ್ಸ್ ಬಾಂಡ್ ಸಿನಿಮಾ ‘ಗೋಲ್ಡ್‌ಫಿಂಗರ್’. ನಾವು ಉಸಿರಾಡುವುದು ಮೂಗಿನಿಂದ, ಚರ್ಮದಿಂದ ಅಲ್ಲ. ಆದರೆ ಅಪಾಯ ಬೇರೆ ದಾರಿಯಲ್ಲಿ ಬರುತ್ತದೆ. ಒಂದು ಗ್ರಾಂ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಎಣ್ಣೆಬಣ್ಣದ ಪದರ ಆ ದಾರಿಯನ್ನು ಮುಚ್ಚುತ್ತದೆ. ಮಂಗಳೂರಿನ ಅಕ್ಟೋಬರ್ ತಿಂಗಳ ಸೆಕೆಯಲ್ಲಿ, ತಾಸೆಯ ಪೆಟ್ಟಿಗೆ ಲಾಗ ಹಾಕುತ್ತ, ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ಎತ್ತುವವನ ಒಳಗೆ ಎಷ್ಟು ಶಾಖ ಕೂಡಿಕೊಳ್ಳುತ್ತದೆ ಎಂಬುದನ್ನು ತಂಡದವರು ಯೋಚಿಸಬೇಕು. ಎರಡನೆಯದು ಸೀಸ. ಹೊಳೆಯುವ ಗಾಢ ಹಳದಿಗೆ ಬಣ್ಣದ ಉದ್ಯಮ ಬಹುಕಾಲ ನೆಚ್ಚಿಕೊಂಡಿದ್ದು ಸೀಸದ ಕ್ರೋಮೇಟನ್ನು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಹೊರಬಿದ್ದು, 2017ರ ನವೆಂಬರಿನಿಂದ ಜಾರಿಗೆ ಬಂತು. ಕಬ್ಬಿಣಕ್ಕೆ ಬಳಿಯುವ ಕೈಗಾರಿಕಾ ಬಣ್ಣ ಆ ನಿಯಮದೊಳಗೆ ಬರುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅಂಥ ಡಬ್ಬಿಯನ್ನು ಹುಲಿಗೆ ಬಳಿಯುವವರು ಇದನ್ನು ತಿಳಿದಿರಬೇಕು. ಸಾಲದೆಂಬಂತೆ ಹಬ್ಬ ಮುಗಿದ ಮೇಲೆ ಬಣ್ಣ ತೆಗೆಯಲು ಸೀಮೆಎಣ್ಣೆ. ಚರ್ಮಕ್ಕೆಂದೇ ತಯಾರಿಸಿದ ನೀರಿನ ಬಣ್ಣಗಳು ಈಗ ಸಿಗುತ್ತವೆ. ತಂತ್ರಜ್ಞಾನ ಮೊದಲು ಪ್ರವೇಶಿಸಬೇಕಾದ ಬಾಗಿಲು ಇದು. ಪರಂಪರೆಯ ಹೆಸರಿನಲ್ಲಿ ಈ ಬಾಗಿಲು ಹಾಕಿಕೊಂಡು ಕೂರುವುದರಲ್ಲಿ ಯಾವ ಹಿರಿಮೆಯೂ ಇಲ್ಲ.

ಇನ್ನು ಗಾಜಿನ ಮೇಲಿನ ಹುಲಿಯ ವಂಶಾವಳಿ. ಕಂಪ್ಯೂಟರಿನಿಂದ ಬರೆಸಿದ ಚಿತ್ರಗಳನ್ನು ಕಲೆಯೆಂದು ಗೋಡೆಗೆ ತೂಗುಹಾಕಿದ ಮೊದಲ ಪ್ರದರ್ಶನಗಳಲ್ಲಿ ಒಂದು ನಡೆದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, 1965ರಲ್ಲಿ. ಜೆಪ್ಪುವಿನ ಹೆಂಚಿಗೆ ಸರಿಯಾಗಿ ನೂರು ವರ್ಷ ತುಂಬಿದ್ದು ಅದೇ ವರ್ಷ. ಅಲ್ಲಿಯ ಕಲಾವಿದನ ಹೆಸರೂ ಜಾರ್ಜೇ: ಗಣಿತಜ್ಞ ಜಾರ್ಜ್ ನೀಸ್. ಆತನ ಹೆಸರಾಂತ ಚಿತ್ರವೊಂದರಲ್ಲಿ ಮೇಲೆ ಚೌಕಗಳು ಶಿಸ್ತಿನ ಸಾಲಿನಲ್ಲಿ ನಿಂತಿರುತ್ತವೆ. ಕೆಳಗೆ ಬಂದ ಹಾಗೆ ಒಂದೊಂದೇ ವಾಲುತ್ತ, ಜಾರುತ್ತ, ಕೊನೆಗೆ ಸುರಿದ ಜಲ್ಲಿಯ ರಾಶಿಯಾಗುತ್ತವೆ. ಆ ವಾಲಾಟವನ್ನು ಯಂತ್ರ ತಾನಾಗಿ ಮಾಡಲಿಲ್ಲ. ಯಂತ್ರಕ್ಕೆ ತಪ್ಪು ಮಾಡಲು ಬರುವುದಿಲ್ಲವಲ್ಲ! ದಾಳ ಉರುಳಿಸಿದಂತೆ ಯಾದೃಚ್ಛಿಕ ಅಂಕಿಗಳನ್ನು ಹುಟ್ಟಿಸಿ, ಆ ಅಂಕಿಯಷ್ಟು ಚೌಕವನ್ನು ಓರೆ ಮಾಡು ಎಂದು ನೀಸ್ ಅದಕ್ಕೆ ಹೇಳಿಕೊಡಬೇಕಾಯಿತು. ಪ್ಯಾರಿಸಿನಲ್ಲಿ ನೆಲೆಸಿ 2023ರಲ್ಲಿ ತನ್ನ 99ನೆಯ ವಯಸ್ಸಿನಲ್ಲಿ ತೀರಿಕೊಂಡ ವೆರಾ ಮೊಲ್ನಾರ್ ಎಂಬ ಕಲಾವಿದೆ 1968ರಿಂದ ಕಂಪ್ಯೂಟರಿನಲ್ಲಿ ಬರೆಯತೊಡಗಿದವರು. ಶಿಸ್ತಿನ ರೇಖೆಗಳೊಳಗೆ ಶೇಕಡಾ ಒಂದರಷ್ಟು ಅವ್ಯವಸ್ಥೆಯನ್ನು ಬೆರೆಸುವುದು ಅವರ ಗುಟ್ಟು. ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ. ಇಂದಿನ ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಗಳೂ ಈ ಉಪ್ಪಿಲ್ಲದೆ ಅಡುಗೆ ಮಾಡಲಾರವು. ಅವುಗಳಲ್ಲಿ ಬಹಳಷ್ಟು, ಸಿಗ್ನಲ್ ಇಲ್ಲದ ಹಳೆಯ ಟೀವಿಯ ಪರದೆಯಂಥ ಚುಕ್ಕೆಗಳ ಗದ್ದಲದಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದಲವನ್ನು ಕಳೆಯುತ್ತ ಹುಲಿಯನ್ನು ಹೊರತೆಗೆಯುತ್ತವೆ.

ಹಾಗೆಂದ ಮೇಲೆ ನಿಜವಾದ ಹುಲಿಯ ಪಟ್ಟೆ ಎಲ್ಲಿಂದ ಬಂತು ಎಂದು ಕೇಳದೆ ಬಿಡುವುದು ನ್ಯಾಯವಲ್ಲ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗ ಅಲನ್ ಟ್ಯೂರಿಂಗ್. ಕಂಪ್ಯೂಟರಿಗೆ ಗಣಿತದ ತಳಹದಿ ಹಾಕಿದ ಅದೇ ಟ್ಯೂರಿಂಗ್. 1952ರಲ್ಲಿ ಬರೆದ ಲೇಖನವೊಂದರಲ್ಲಿ ಆತ ತೋರಿಸಿದ್ದು ಇಷ್ಟು: ಎರಡು ರಾಸಾಯನಿಕಗಳು ಒಂದರ ಜತೆ ಇನ್ನೊಂದು ವರ್ತಿಸುತ್ತ, ಬೇರೆ ಬೇರೆ ವೇಗದಲ್ಲಿ ಹರಡುತ್ತ ಹೋದರೆ, ಎಲ್ಲ ಕಡೆ ಒಂದೇ ಸಮನಾಗಿದ್ದ ದ್ರವದಲ್ಲಿ ತಾನಾಗಿ ಚುಕ್ಕೆ, ಪಟ್ಟೆಗಳ ವಿನ್ಯಾಸ ಮೂಡಬಹುದು. ಅದಕ್ಕೆ ಚಾಲನೆ ಕೊಡುವುದು ಎಲ್ಲೋ ಒಂದು ಕಡೆಯ ಅತಿ ಸಣ್ಣ ಏರುಪೇರು. ಆದರೆ ಆ ಏರುಪೇರು ಯಾವ ರೂಪ ತಾಳಬೇಕು ಎಂಬುದರಲ್ಲಿ ಮೈಯ ಆಕಾರಕ್ಕೂ ಪಾಲಿದೆ. ಅಗಲವಾದ ಬೆನ್ನಿನಲ್ಲಿ ಚುಕ್ಕೆಯಾಗಬಲ್ಲದ್ದು ಸಪೂರವಾದ ಬಾಲಕ್ಕೆ ಬಂದಾಗ ಉಂಗುರವಾಗುತ್ತದೆ. ಮೈಯೆಲ್ಲ ಚುಕ್ಕೆಯಿರುವ ಚಿರತೆಯ ಬಾಲದ ತುದಿಯಲ್ಲಿ ಉಂಗುರಗಳಿರುವುದನ್ನು ಪಿಲಿಕುಳದ ಪ್ರಾಣಿಸಂಗ್ರಹಾಲಯಕ್ಕೆ ಹೋದ ಮಕ್ಕಳು ಗಮನಿಸಬಹುದು.

ಇದರ ಫಲವಾಗಿ ಕಾಡಿನಲ್ಲಿ ಎರಡು ಹುಲಿಗಳ ಪಟ್ಟೆ ಒಂದೇ ಬಗೆಯಾಗಿರುವುದಿಲ್ಲ. ನಮ್ಮ ಬೆರಳಚ್ಚಿನ ಹಾಗೆ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮರಾಗಳನ್ನು ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಬೆಳೆಸಿದರು. ಕರಾವಳಿಯವರಿಗೆ ಅವರ ಪರಿಚಯ ಬೇಕಿಲ್ಲ. ಯಕ್ಷಗಾನಕ್ಕಾಗಿ ಜೀವ ತೇಯ್ದ ಶಿವರಾಮ ಕಾರಂತರ ಮಗ. ಫೋಟೋಗಳ ರಾಶಿ ಬೆಳೆದಂತೆ ಕಣ್ಣಿನಿಂದ ಹೋಲಿಸುವುದು ಅಸಾಧ್ಯವಾಗಿ, 2009ರ ಹೊತ್ತಿಗೆ ಅದಕ್ಕೊಂದು ಕಂಪ್ಯೂಟರ್ ವಿಧಾನ ಸಿದ್ಧವಾಯಿತು. ಸ್ವಾರಸ್ಯ ಇರುವುದು ಇಲ್ಲಿ. ಹುಲಿ ಒಮ್ಮೆ ನೇರ ನಿಂತಿರುತ್ತದೆ, ಇನ್ನೊಮ್ಮೆ ತಿರುಗಿರುತ್ತದೆ. ಪಟ್ಟೆ ಹಿಗ್ಗಿ ಕುಗ್ಗಿ ಕಾಣುತ್ತದೆ. ಆದ್ದರಿಂದ ಚಪ್ಪಟೆ ಫೋಟೋವನ್ನು ಹಾಗೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕಂಪ್ಯೂಟರಿನೊಳಗೆ ಹುಲಿಯ ಉಬ್ಬುತಗ್ಗಿನ ಮೈಯೊಂದನ್ನು ಮಾಡಿ, ಫೋಟೋವನ್ನು ಆ ಮೈಗೆ ಹೊದಿಸಿ, ಆಮೇಲೆ ಹೋಲಿಸಬೇಕು. ಅಂದರೆ ಪಟ್ಟೆ ಅರ್ಥವಾಗಬೇಕಾದರೆ ಯಂತ್ರಕ್ಕೂ ಒಂದು ಮೈ ಬೇಕಾಯಿತು.

ಜೆಪ್ಪುವಿನ ಕೋಣೆಯಲ್ಲಿ ಬ್ರಶ್ಶು ಹಿಡಿದು ನಿಂತ ಹಿರಿಯನಿಗೆ ಟ್ಯೂರಿಂಗ್ ಗೊತ್ತಿರಬೇಕಾಗಿಲ್ಲ. ಆದರೆ ಅವನ ಎದುರಿಗೆ ನಿಂತವನ ಮೈ ಗೊತ್ತಿದೆ. ಇವನಿಗೆ ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಪಟ್ಟೆಯನ್ನು ಪಕ್ಕೆಯಿಂದ ಇಳಿಜಾರಾಗಿ ಎಳೆದರೆ ಹುಲಿ ಸಪೂರ ಕಾಣುತ್ತದೆ. ಅವನ ಹೆಗಲಲ್ಲಿ ಹಳೆಯ ಗಾಯದ ಗುರುತಿದೆ, ಅದರ ಮೇಲೆ ಒಂದು ದಪ್ಪ ಪಟ್ಟೆ ಬರಲಿ. ಕಂಕುಳ ಹತ್ತಿರದ ಪಟ್ಟೆ ಕೈ ಇಳಿಸಿದಾಗ ಕಾಣದು, ಲಾಗ ಹಾಕಿ ಕೈ ಎತ್ತಿದಾಗ ಮಾತ್ರ ಬಿಚ್ಚಿಕೊಳ್ಳುತ್ತದೆ. ಅದನ್ನು ಎಲ್ಲಿ ಮುರಿಯಬೇಕು? ಈ ಪ್ರಶ್ನೆಗಳಿಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಸಾಮಾನ್ಯವಾಗಿ ಕಲಿಯುವ ಹುಡುಗ ಮೊದಲು ಬಣ್ಣ ಕಲಸುತ್ತಾನೆ, ಆಮೇಲೆ ಕಾಲಿಗೆ ತಳಬಣ್ಣ ಬಳಿಯುತ್ತಾನೆ, ಹಳದಿಗೆ ಬರುವ ಹೊತ್ತಿಗೆ ಒಂದೆರಡು ದಸರೆಗಳು ಕಳೆದಿರುತ್ತವೆ. ಪಟ್ಟೆ ಎಳೆಯುವ ಅವಕಾಶ ತಡವಾಗಿ, ಮುಖ ಬರೆಯುವುದು ಇನ್ನೂ ತಡವಾಗಿ.

ಹಳದಿಯನ್ನು ಸ್ಪ್ರೇ ಮಾಡಿದರೆ ನಷ್ಟವಾಗುವುದು ಹಳದಿಗೆ ಅಲ್ಲ; ಹಳದಿ ಇನ್ನಷ್ಟು ಸಮನಾಗಿಯೇ ಬರುತ್ತದೆ. ನಿಂತವನ ಕಾಲುನೋವೂ ಉಳಿಯುತ್ತದೆ, ಅದು ಸಣ್ಣ ಲಾಭವಲ್ಲ. ನಷ್ಟ ಆ ಕಲಿಯುವ ಹುಡುಗನಿಗೆ. ಬಣ್ಣ ಬಳಿಯುತ್ತ ಬಳಿಯುತ್ತ ಎಲುಬು ಎಲ್ಲಿದೆ, ಮಾಂಸ ಎಲ್ಲಿ ಜಾರುತ್ತದೆ, ಬೆವರು ಮೊದಲು ಎಲ್ಲಿ ಒಡೆಯುತ್ತದೆ ಎಂದು ಅವನ ಕೈ ತಿಳಿಯುತ್ತಿದ್ದುದು ಆ ಎರಡು ಮೂರು ದಸರೆಗಳಲ್ಲಿ. ಆ ಮೆಟ್ಟಿಲನ್ನು ಯಂತ್ರ ಹಾರಿಸಿಬಿಟ್ಟಿತು. ಇನ್ನು ಪಟ್ಟೆಗೂ ಕತ್ತರಿಸಿದ ಅಚ್ಚು ಇಟ್ಟು ಚಿಮ್ಮಿಸತೊಡಗಿದರೆ ಹತ್ತು ಹುಲಿಗಳು ಜೆಪ್ಪುವಿನ ಹತ್ತು ಹೆಂಚುಗಳಾಗುತ್ತವೆ. ಹೆಂಚಿಗೆ ಅದು ಗುಣ. ಒಂದು ಇನ್ನೊಂದಕ್ಕೆ ಕೂರದಿದ್ದರೆ ಮಾಡು ಸೋರುತ್ತದೆ. ಹುಲಿಗೆ?

ಕಂಪ್ಯೂಟರಿನ ಎದುರು ಕೂತ ಹುಡುಗನ ಮೇಲೆ ಇದರ ತಪ್ಪು ಹೊರಿಸುವಂತಿಲ್ಲ. ಗಾಜಿನ ಮೇಲೆ ಲೇಖನಿ ಹಿಡಿದು ತನ್ನ ಕೈಯಾರೆ ಗೆರೆ ಎಳೆಯುವವನಿದ್ದಾನೆ. ಅವನ ಕೈಯೂ ಕೈಯೇ, ಅವನ ಹುಲಿಯೂ ಕಲೆಯೇ. ಗೆರೆ ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗುವ ಸೌಕರ್ಯ ಅವನಿಗಿದೆ, ಅಷ್ಟೆ. ಮೈಮೇಲೆ ಬರೆಯುವವನಿಗೆ ಆ ಗುಂಡಿ ಇಲ್ಲ. ಬ್ರಶ್ಶು ಜಾರಿದರೆ, ಜಾರಿದ ಗೆರೆಯನ್ನೇ ಇನ್ನೊಂದು ಪಟ್ಟೆಯ ಬಾಲವಾಗಿ ತಿದ್ದಬೇಕು. ಹಾಗೆ ತಿದ್ದಿದ ಪಟ್ಟೆ ಚೆನ್ನಾಗಿ ಕಂಡರೆ ಮುಂದಿನ ವರ್ಷ ಬೇಕೆಂದೇ ಹಾಗೆ ಎಳೆಯುತ್ತಾರೆ, ಅದರ ಮುಂದಿನ ವರ್ಷ ಇನ್ನೊಂದು ತಂಡದವರು ನಕಲು ಮಾಡುತ್ತಾರೆ. ಜೀವಶಾಸ್ತ್ರದ ಪಾಠದಲ್ಲಿ ಬರುವುದೂ ಇದೇ ಕಥೆ. ವಂಶವಾಹಿ ನಕಲಾಗುವಾಗ ಆಗೊಮ್ಮೆ ಈಗೊಮ್ಮೆ ಒಂದಕ್ಷರ ತಪ್ಪದೆ ಹೋಗಿದ್ದರೆ ಭೂಮಿಯ ಮೇಲೆ ಹುಲಿಯೂ ಇರುತ್ತಿರಲಿಲ್ಲ, ಹುಲಿವೇಷ ಹಾಕುವವನೂ ಇರುತ್ತಿರಲಿಲ್ಲ. ಮೊಬೈಲಿನೊಳಗಿನ ಹುಲಿ ಲಕ್ಷ ಜನರಿಗೆ ಹಂಚಿಹೋದರೂ ಒಂದು ಚುಕ್ಕೆ ಆಚೀಚೆಯಾಗದು. ಯಂತ್ರಕ್ಕೆ ದಾಳ ಉರುಳಿಸಲು ಹೇಳಿದರೆ ಲಕ್ಷ ಬಗೆಯ ಹುಲಿಗಳನ್ನು ಕೊಟ್ಟೀತು ನಿಜ. ಆದರೆ ದಾಳಕ್ಕೆ ಹೆಗಲಿನ ಗಾಯ ಗೊತ್ತಿಲ್ಲ.

ಮಂಗಳೂರಿನ ತಂಡಗಳಲ್ಲಿ ದೊಡ್ಡ ಹುಲಿಗಳ ಜತೆ ಮರಿಹುಲಿಗಳೂ ಇರುತ್ತವೆ. ಏಳೆಂಟು ವರ್ಷದ ಮಕ್ಕಳು. ಇವಕ್ಕೆ ಬಣ್ಣ ಹಚ್ಚುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕಚಗುಳಿಯಿಟ್ಟಂತಾಗಿ ನಗುತ್ತವೆ, ನಿದ್ದೆಗಣ್ಣಿನಲ್ಲಿ ವಾಲುತ್ತವೆ. ‘ಅಲ್ಲಾಡಬೇಡ ಮಾರಾಯ, ಈಗ ಆಯಿತು’ ಎಂದು ಹೇಳುತ್ತಲೇ ಇರಬೇಕು. ಬೆಳಿಗ್ಗೆ ಬೀದಿಗಿಳಿದಾಗ ನೋಡಿದರೆ ಮರಿಹುಲಿಯ ಮೊಣಕೈಯ ಹತ್ತಿರ ಒಂದು ಪಟ್ಟೆ ನಡುವೆಯೇ ಕತ್ತರಿಸಿಹೋಗಿರುತ್ತದೆ. ಒಣಗುವ ಮೊದಲು ಕೆರೆದುಕೊಂಡದ್ದು. ರಥ ಮಾರ್ನಮಿಕಟ್ಟೆಗೆ ಬಂದು ತಾಸೆಯ ಪೆಟ್ಟು ಏರಿದಾಗ, ಆ ಕತ್ತರಿಸಿದ ಪಟ್ಟೆಯ ಗುರುತು ಹಿಡಿದೇ ಅದರ ತಾಯಿ ಅಷ್ಟು ಹುಲಿಗಳ ನಡುವೆ ತನ್ನದನ್ನು ಹುಡುಕುತ್ತಾಳೆ.